ಪ್ಯೂಜೋನಾ, ಡಿಐನಾ? ಮೊದಲು ಕೈ ಕಪ್ಪಾಗೋದು ಯಾರದು ಹೇಳಿ!

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಅಸೂಟಿ, ಗದಗ ಜಿಲ್ಲೆ, ರೋಣ ತಾಲ್ಲೂಕು. ನಾಲ್ಕು ದಿನ ಇದ್ದೆ, ನಾಲ್ಕೂ ದಿನ ತಮ್ಮನ ಜೊತೆ ಒಂದೇ ಜಗಳ. ಆಸ್ತಿ ಜಗಳ ಅಂದ್ಕೊಂಡ್ರಾ? ಅಲ್ಲ ಮಾರಾಯ್ರೆ, ಎಂಜಿನ್ ಜಗಳ :-)

ಮನೆಗೆ ಒಂದು ಹಳೇ ಜೀಪು ಬೇಕಿತ್ತು. ನಾಲ್ಕೂ ಗಾಲಿಗೆ ಎಳೆತ ಇರುವಂಥದ್ದು, ಡೀಸೆಲ್ಲು, ಮನೆ ಅಂಗಳದಲ್ಲೇ ಬಿಚ್ಚಿ ಜೋಡಿಸಲು ಬರುವಂಥದ್ದು. ಕೈಗೆಟುಕುವ ದರದಲ್ಲಿ ಎರಡು ಸಿಕ್ಕಿದ್ದವು. ಹುಬ್ಬಳ್ಳಿ ಕಡೆಯದಕ್ಕೆ ಪ್ಯೂಜೋ ಎಂಜಿನ್, ಗಜೇಂದ್ರಗಡದ ಕಡೆಯದಕ್ಕೆ ಡಿಐ ಎಂಜಿನ್. ನಾನು ಪ್ಯೂಜೋ ಪಾರ್ಟಿ, ತಮ್ಮ ಡಿಐ ಪಾರ್ಟಿ. ಅವ್ವ ಯಾವ ಪಾರ್ಟಿಗೂ ಸೇರದೆ ರೊಟ್ಟಿ ಬಡಿಯುತ್ತಾ, "ಯಾವ್ದರೆ ತರ್ರಿ, ಹತ್ತಾಕ ಒಂದ್ ಮೆಟ್ಲ ಇರ್ಲಿ" ಅಂದಳು.

"ಈಗಿನ ಕಾಲದಾಗ ಹಳೇ ಜೀಪ್ ಯಾಕೆ, ಒಂದು ಹೊಸ ಗಾಡಿ ತಗೊಳ್ಳಿ" ಅಂತ ನೀವು ಕೇಳಬಹುದು. ಕೇಳೋದು ಸರಿಯೇ. ಆದರೆ ನಮ್ಮ ಕಡೆಯ ಎರಿ ಭೂಮಿ ನೋಡಿದವರು ಇದನ್ನು ಕೇಳಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ದೊಡ್ಡ ಬಿರುಕು. ಅದೇ ಮಣ್ಣು ಒಂದು ಹದ ಮಳೆ ಬಿದ್ದರೆ ಕಾಲಿನ ಚಪ್ಪಲಿ ಕಸಿದುಕೊಳ್ಳುತ್ತೆ. ಡಾಂಬರು ರಸ್ತೆ ಬಿಟ್ಟು ಹೊಲದ ಬಂಡಿ ದಾರಿಗೆ ಇಳಿದರೆ ಸಾಮಾನ್ಯ ಕಾರು ಅಲ್ಲೇ ಕುಳಿತುಬಿಡುತ್ತೆ. ಹೆಸರು ಬಿತ್ತೋ ಹೊತ್ತಿಗೆ ಬೀಜ ಗೊಬ್ಬರ, ಕಡ್ಲಿ ಕೀಳೋ ಹೊತ್ತಿಗೆ ಆಳುಗಳು, ಬೋರ್‌ವೆಲ್ ಪಂಪು, ಪೈಪು, ಎಲ್ಲಾ ಹೊಲಕ್ಕೆ ಹೋಗಬೇಕು. ಎಲ್ಲದಕ್ಕೂ ಟ್ರ್ಯಾಕ್ಟರ್ ಎಬ್ಬಿಸೋಕೆ ಆಗಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದಾಗ ನಮ್ಮ ಬೀಗರ ಮನೆಯವರನ್ನು ಸಾಮಾನು ಸಮೇತ ಕರ್ಕೊಂಡು ಬಂದಿದ್ದೂ ಅಪ್ಪ ಇಟ್ಟಿದ್ದ ಹಳೇ ಜೀಪೇ.

ಹೊಸ ಗಾಡಿಯ ಎಂಜಿನ್ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. ಕಾಮನ್ ರೈಲ್ ಎಂಜಿನ್ ಮುಂದೆ ಇವೆಲ್ಲ ಬಲದಲ್ಲೂ ಹೊಗೆಯಲ್ಲೂ ಅಜ್ಜಂದಿರು. ಆದರೆ ಅದರಲ್ಲಿ ಒಂದು ಸೆನ್ಸಾರ್ ಮುನಿಸಿಕೊಂಡರೆ ಕಂಪ್ಯೂಟರ್ ಜೋಡಿಸಿ ಕೇಳಬೇಕು, "ಯಾಕಪ್ಪಾ ಸಿಟ್ಟು?" ಅಂತ. ಅಜ್ಜನಿಗೆ ಹಾಗಲ್ಲ. ಗಾಳಿ, ಡೀಸೆಲ್, ಒತ್ತಡ, ಮೂರಿದ್ದರೆ ಸಾಕು, ಎದ್ದು ಕೂರ್ತಾನೆ. ಅದಕ್ಕೇ ನಮಗೆ ಹಳೇದು ಬೇಕಿತ್ತು.

ಸರಿ, ಈಗ ಎಂಜಿನ್‌ಗಳ ಜಾತಕಕ್ಕೆ ಬರೋಣ.

ಮಹೀಂದ್ರದವರು 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಎಕ್ಸ್‌ಡಿಪಿ 4.90 ಅನ್ನೋ ಡೀಸೆಲ್ ಎಂಜಿನ್ ತಯಾರಿಸೋ ಪರವಾನಗಿ ಪಡೆದರು. ಹೆಸರಲ್ಲೇ ಲೆಕ್ಕ ಇದೆ, ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್. ಸ್ಟ್ರೋಕ್ 83. ಗುಣಿಸಿದರೆ 2112 ಸಿಸಿ. ಎಂಎಂ 540 ಜೀಪಿನಲ್ಲಿ ಇದ್ದಿದ್ದು ಇದೇ, ನಮ್ಮಪ್ಪನ ಜೀಪಿನಲ್ಲೂ ಇದೇ. ಆಮೇಲೆ ಇದರ ದೊಡ್ಡಣ್ಣ ಎಕ್ಸ್‌ಡಿ3ಪಿ ಬಂತು. 94 ಬೋರ್, 90 ಸ್ಟ್ರೋಕ್, 2498 ಸಿಸಿ. ಎಂಎಂ 550ರ ಕೆಲವು ಮಾದರಿಗಳಲ್ಲಿ ಇದು ಸಿಗುತ್ತೆ. ಹುಬ್ಬಳ್ಳಿ ಕಡೆ ನೋಡಿದ ಜೀಪಿನಲ್ಲಿ ಇದ್ದಿದ್ದು ಈ ದೊಡ್ಡಣ್ಣ.

ಡಿಐಯದು ಬೇರೇನೇ ಮನೆತನ. 1963ರಲ್ಲಿ ಮಹೀಂದ್ರ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿದರು. 1965ರಿಂದ ಅವರು ಹೊರತಂದ ಟ್ರ್ಯಾಕ್ಟರ್ ಬಿ-275. ಅದರ ಮೂಲ ಇಂಗ್ಲೆಂಡ್. ಆ ಟ್ರ್ಯಾಕ್ಟರ್ ಎಂಜಿನ್ನೇ ಮುಂದೆ ಜೀಪಿಗೂ ಇಳಿಯಿತು, ಬೆಳೆಯುತ್ತಾ ಬೆಳೆಯುತ್ತಾ 2523 ಸಿಸಿಯ ಡಿಐ ಆಯಿತು. ಅದರ ಬೋರ್ 88.9 ಮಿಲಿಮೀಟರ್, ಸ್ಟ್ರೋಕ್ 101.6. ಏನಿದು ವಿಚಿತ್ರ ಅಂಕಿ ಅನ್ನಿಸ್ತಾ? ಇಂಚಿಗೆ ತಿರುಗಿಸಿ ನೋಡಿ. ಮೂರೂವರೆ ಇಂಚು, ನಾಲ್ಕು ಇಂಚು! ಫ್ರೆಂಚರ ಎಂಜಿನ್ ಮಿಲಿಮೀಟರಲ್ಲಿ ಹುಟ್ಟಿದ್ದು, ಇದು ಇಂಚಲ್ಲಿ ಹುಟ್ಟಿದ್ದು. ಹುಟ್ಟುಗುಣ ಅಳತೆಯಲ್ಲೇ ಉಳ್ಕೊಂಡಿದೆ.

ಈ ಅಳತೆಗಳನ್ನು ಸುಮ್ಮನೆ ಹೇಳಲಿಲ್ಲ, ಎರಡರ ಸ್ವಭಾವವೂ ಅದರಲ್ಲೇ ಇದೆ. ಪ್ಯೂಜೋದಲ್ಲಿ ಪಿಸ್ಟನ್ ಅಗಲ ಹೆಚ್ಚು, ಓಡಾಟ ಕಡಿಮೆ. ಹಗುರಾಗಿ, ಬೇಗ ಬೇಗ ತಿರುಗುತ್ತೆ. ಎಕ್ಸ್‌ಡಿಪಿ 4.90ಗೆ 62 ಅಶ್ವಶಕ್ತಿ ಬರೋದು 4500 ಸುತ್ತಿನಲ್ಲಿ. ಡಿಐಯಲ್ಲಿ ಪಿಸ್ಟನ್ ಓಡಾಟ ಉದ್ದ. ನಿಧಾನಕ್ಕೆ ತಿರುಗುತ್ತೆ, ಕೆಳಗಿನ ಸುತ್ತಿನಲ್ಲೇ ಎಳೆಯುತ್ತೆ. 2010ರಲ್ಲಿ ಬಂದ ಥಾರ್‌ನ ಡಿಐ ಮಾದರಿಯಲ್ಲಿ ಇದೇ ಎಂಜಿನ್ನಿಗೆ ಟರ್ಬೋ ಹಾಕಿದ್ದರು. ಅದರಲ್ಲಿ 63 ಅಶ್ವಶಕ್ತಿ, 3200 ಸುತ್ತಿನಲ್ಲಿ. ಟಾರ್ಕ್ 182.5 ನ್ಯೂಟನ್ ಮೀಟರ್, ಅದೂ 1500ರಿಂದ 1800 ಸುತ್ತಿನಲ್ಲೇ. ಅಶ್ವಶಕ್ತಿ ಹೆಚ್ಚುಕಮ್ಮಿ ಅಷ್ಟೇ ನೋಡಿ, 62 ಮತ್ತು 63. ಆದರೆ ಒಬ್ಬ ಓಡಿ ದುಡೀತಾನೆ, ಇನ್ನೊಬ್ಬ ನಿಂತು ದುಡೀತಾನೆ.

ಇನ್ನೊಂದು ವ್ಯತ್ಯಾಸ ಉರಿ ಹತ್ತೋ ಜಾಗದ್ದು. ಪ್ಯೂಜೋದಲ್ಲಿ ಡೀಸೆಲ್ ಮೊದಲು ಹೆಡ್ಡಿನ ಒಳಗಿರೋ ಒಂದು ಪುಟ್ಟ ಕೋಣೆಗೆ ಬೀಳುತ್ತೆ, ಅಲ್ಲಿ ಗಾಳಿಯ ಜೊತೆ ಸುಳಿ ತಿರುಗಿ ಉರಿದು ಆಮೇಲೆ ಪಿಸ್ಟನ್ ಮೇಲೆ ಬರುತ್ತೆ. ಹಾಗಾಗಿ ಸದ್ದು ಕಡಿಮೆ, ನಡುಕ ಕಡಿಮೆ. ಆದರೆ ಆ ಕೋಣೆಯ ಗೋಡೆ ಶಾಖ ಕುಡಿಯುತ್ತೆ, ಬೆಳಗ್ಗೆ ಎಬ್ಬಿಸೋಕೆ ಹೀಟರ್ ಪ್ಲಗ್ ಬೇಕು, ಡೀಸೆಲ್ಲೂ ಸ್ವಲ್ಪ ಹೆಚ್ಚು ಬೇಕು. ಡಿಐಯಲ್ಲಿ ನೇರ ಪಿಸ್ಟನ್ ತಲೆ ಮೇಲೆ ಡೀಸೆಲ್ ಚಿಮ್ಮುತ್ತೆ. ಡಬಡಬ ಸದ್ದು, ಸ್ಟೀರಿಂಗ್ ಹಿಡಿದ ಕೈಯಲ್ಲಿ ನಡುಕ. ಆದರೆ ನಮ್ಮ ಹವೆಯಲ್ಲಿ ಹೀಟರ್ ಇಲ್ಲದೆ ಏಳುತ್ತೆ, ಅದೇ ಕೆಲಸಕ್ಕೆ ಡೀಸೆಲ್ ಕಡಿಮೆ ಕುಡಿಯುತ್ತೆ. ಎರಡರಲ್ಲೂ ಟೈಮಿಂಗ್ ಬೆಲ್ಟ್ ತಾಪತ್ರಯ ಇಲ್ಲ. ವಾಲ್ವ್ ಕ್ಲಿಯರೆನ್ಸನ್ನು ಫೀಲರ್ ಗೇಜ್ ಹಿಡ್ಕೊಂಡು ಮನೆಯಲ್ಲೇ ನೋಡಬಹುದು. ಎರಡೂ ಒಳ್ಳೆಯವೇ, ಅದಕ್ಕೇ ಜಗಳ ಇಷ್ಟು ದಿನ ನಡೆದದ್ದು!

ನನ್ನ ವಾದ ಹೀಗಿತ್ತು. ಅಪ್ಪನ ಜೀಪು ಓಡಿಸಿ ಬೆಳೆದವನು ನಾನು. ಪ್ಯೂಜೋ ಎಂಜಿನ್ ಬಿಸಿಯಾದ ಮೇಲೆ ಅದರ ನಯ ಬೇರೆ. ರೋಣದಿಂದ ಗದಗಿಗೆ ಹೋಗುವಾಗ ಟಾಪ್ ಗೇರಿಗೆ ಹಾಕಿ ಬಿಟ್ಟರೆ ಮಾತಾಡ್ತಾ ಹೋಗಬಹುದು. ಡಿಐಯಲ್ಲಿ ಮಾತಾಡೋಕೆ ಗಾಡಿ ನಿಲ್ಲಿಸಬೇಕು. ಇನ್ನೊಂದು ವಾದವೂ ಇತ್ತು ನನ್ನ ಹತ್ರ, ಅದು ಸ್ವಲ್ಪ ಶಾಸ್ತ್ರೀಯ. ಹಸಿ ಎರಿಯಲ್ಲಿ ಟೈರಿನ ಹಲ್ಲಿನ ಸಂದಿಗೆಲ್ಲ ಮಣ್ಣು ತುಂಬಿ ಟೈರು ಉಂಡೆ ಆಗಿಬಿಡುತ್ತೆ. ಆಗ ಗಾಲಿ ಜೋರಾಗಿ ತಿರುಗಿದರೆ ಮಾತ್ರ ಮಣ್ಣು ಸಿಡಿದು ಹಲ್ಲು ಬಿಡಿಸಿಕೊಳ್ಳುತ್ತೆ. ಜೋರಾಗಿ ತಿರುಗೋ ಎಂಜಿನ್ ಯಾವುದು? ಪ್ಯೂಜೋ. ಪಾಯಿಂಟ್ ನಂದು!

ತಮ್ಮ ಚಹಾ ಕುಡಿಯುತ್ತಾ ಎಲ್ಲಾ ಕೇಳಿದ. ಕೇಳಿ ಒಂದೇ ಮಾತು ಹೇಳಿದ.

"ಅಣ್ಣಾ, ಹಂಗ ಎರಿ ಹಸಿ ಇದ್ದಾಗ ಗಾಡಿ ಇಳಿಸಿದಂವ ಶಾಣ್ಯಾ ಅಲ್ಲ. ನಾ ದಂಡಿಗೇ ನಿಂದರಸ್ತೀನಿ. ನನಗ ಜಿಗಿಯೂದು ಬ್ಯಾಡ, ಎಳಿಯೂದು ಬೇಕು. ಅದಿರ್ಲಿ, ಆ ವರ್ಷದ್ದು ನೆನಪೈತೇನ ನಿನಗ?"

ಆ ವರ್ಷದ್ದು ನೆನಪಿತ್ತು. ನೆನಪಾಗದೇ ಇರ್ಲಿ ಅಂತ ನಾನು ನಾಲ್ಕು ದಿನದಿಂದ ಬೇರೆಲ್ಲ ಮಾತಾಡ್ತಿದ್ದೆ.

2021ರ ಜೂನ್. ಲಾಕ್‌ಡೌನ್ ಅಂತ ಬೆಂಗಳೂರು ಬಿಟ್ಟು ಊರಲ್ಲೇ ಕೂತು ಕೆಲಸ ಮಾಡ್ತಿದ್ದೆ. ಒಂದಿನ ರೋಣಕ್ಕೆ ಹೋಗಿ ಬರುವಾಗ ಜೀಪು ನಾನೇ ಓಡಿಸ್ತಿದ್ದೆ. ರೇಡಿಯೇಟರ್‌ನ ಕೆಳಗಿನ ಹೋಸ್ ಪೈಪು ಹಳೇದು, ಬದಲಿಸಬೇಕು ಅಂತ ತಮ್ಮ ಎರಡು ಸಲ ಹೇಳಿದ್ದ. ಟೆಂಪರೇಚರ್ ಮುಳ್ಳು ಯಾವತ್ತೋ ಸತ್ತಿತ್ತು, ಅದೂ ಗೊತ್ತಿತ್ತು. ಪೈಪು ದಾರಿಯಲ್ಲಿ ಸೀಳಿ ನೀರೆಲ್ಲ ಸೋರಿದೆ, ನನಗೆ ಗೊತ್ತೇ ಆಗಿಲ್ಲ. ಎಂಜಿನ್ ಭಾರ ಆಯ್ತು ಅಂತ ಇನ್ನಷ್ಟು ಆಕ್ಸಲರೇಟರ್ ಒತ್ತಿದೆ, ಜಾಣ ನಾನು! ಊರ ಹತ್ರ ಬರೋ ಹೊತ್ತಿಗೆ ಬಾನೆಟ್ಟಿನಿಂದ ಬಿಸಿ ಹೊಗೆ. ಪ್ಯೂಜೋದ ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯುಮಿನಿಯಂ. ನೀರಿಲ್ಲದೆ ಕಾದರೆ ಅಲ್ಯುಮಿನಿಯಂ ಮೊದಲು ಸೊಟ್ಟ ಆಗುತ್ತೆ. ಬಿಚ್ಚಿ ನೋಡಿದರೆ ಸೊಟ್ಟ ಆಗಿದ್ದಷ್ಟೇ ಅಲ್ಲ, ಎರಡು ವಾಲ್ವ್ ನಡುವೆ ಸೀಳು. ಫೇಸಿಂಗ್ ಮಾಡಿಸಿದರೆ ನಡೆಯೋ ಹಾಗಿರಲಿಲ್ಲ, ಬೇರೆ ಹೆಡ್ಡೇ ಬೇಕು. ಎಂಜಿನ್ನಿನ ತಪ್ಪಲ್ಲ ಅದು. ತಪ್ಪು ಪೂರ್ತಿ ನಂದು.

ಹೆಡ್ ಹುಡುಕೋ ಕೆಲಸ ಶುರುವಾಯ್ತು. ಇಲ್ಲಿ ಇಲ್ಲ, ಅಲ್ಲಿ ಇಲ್ಲ, ಒಬ್ಬರು ನಾಳೆ ಅಂದರು, ಇನ್ನೊಬ್ಬರು ಹಳೇದೊಂದಿದೆ ನೋಡ್ತೀನಿ ಅಂದರು. "ಹೆಂಗರ ಒಂದು ಸೆಕೆಂಡ್ ಹ್ಯಾಂಡ್ ಹಾಕೂಣು" ಅಂತ ತಮ್ಮ, "ಒರಿಜಿನಲ್ ಹೊಸಾದೇ ಬರ್ಲಿ" ಅಂತ ನಾನು. ದುಡ್ಡು ನಾನು ಕೊಡೋದು, ಮಾತು ನಂದೇ ನಡೆಯಿತು. ಜೀಪು ಶೆಡ್ಡಿನಲ್ಲಿ ತಲೆ ಇಲ್ಲದೆ ನಲವತ್ತು ದಿನ ನಿಂತಿತ್ತು, ಬೋರುಗಳಿಗೆ ಬಟ್ಟೆ ತುರುಕಿ, ಮೇಲೆ ಗೊಬ್ಬರದ ಚೀಲ ಹೊದಿಸಿ.

ಆ ನಲವತ್ತು ದಿನದ ಒಳಗೇ ಒಂದು ಸಂಜೆ ಅವ್ವ ಹೊಲದಲ್ಲಿ ಜಾರಿ ಬಿದ್ದಳು. ಹಿಂದಿನ ರಾತ್ರಿ ಮಳೆ ಆಗಿತ್ತು. ಹಿಮ್ಮಡಿ ಹತ್ರ ಎಲುಬು ಮುರಿದಿತ್ತು, ಆಗ ನಮಗೆ ಗೊತ್ತಿಲ್ಲ. ಬಂಡಿ ದಾರಿಯಲ್ಲಿ ಬೈಕು ಬರಲ್ಲ, ಕಾರು ಬರಲ್ಲ. ಜೀಪು ಇತ್ತು, ಹೆಡ್ ಇರಲಿಲ್ಲ. ತಮ್ಮ ಟ್ರ್ಯಾಕ್ಟರ್ ತಂದ. ಮಡ್‌ಗಾರ್ಡ್ ಮೇಲೆ ಅವ್ವನನ್ನು ಕೂರಿಸಿ, ತಮ್ಮನ ಹೆಂಡತಿ ಒಂದು ಕಡೆ, ನಾನು ಒಂದು ಕಡೆ ಹಿಡ್ಕೊಂಡು ರಸ್ತೆ ಮುಟ್ಟಿದೆವು. ಒಂದೊಂದು ಕುಳಿಗೂ ಅವ್ವ ಹಲ್ಲು ಕಚ್ಚೋದು ನನ್ನ ಕೈಗೆ ತಿಳೀತಿತ್ತು. ಬೈಲಿಲ್ಲ, ಅಳಲಿಲ್ಲ. ರಸ್ತೆಗೆ ಬಂದ ಮೇಲೆ, "ನಿಮ್ಮಪ್ಪ ಇದ್ದಿದ್ರ ಪೈಪ್ ಬದಲಿ ಮಾಡ್ತಿದ್ದ" ಅಂದಳು, ಅಷ್ಟೇ.

ಈಗ ಅವ್ವ ಆರಾಮಿದ್ದಾಳೆ, ನಡೀತಾಳೆ. ಹೆಡ್ಡೂ ಬಂತು, ಜೀಪು ಮತ್ತೆ ಮೂರು ವರ್ಷ ಓಡಿತು. ಹೋದ ವರ್ಷ ಚಾಸಿ ತುಕ್ಕು ಹಿಡಿದು ಸೀಳಿದ ಮೇಲೆ ಅದರ ಕತೆ ಮುಗೀತು. ಅದಕ್ಕೇ ಈಗ ಬೇರೆ ಜೀಪು.

ತಮ್ಮನ ವಾದ ಸರಳವಾಗಿತ್ತು. ಊರಿನ ಸುತ್ತ ಟ್ರ್ಯಾಕ್ಟರ್ ಎಷ್ಟಿವೆ? ಡಿಐ ಎಂಜಿನ್ನಿನ ಬೊಲೆರೊ, ಪಿಕಪ್, ಕ್ಯಾಂಪರ್ ಎಷ್ಟು ಓಡಾಡಿವೆ? ಅವುಗಳನ್ನು ಬಿಚ್ಚಿ ಜೋಡಿಸಿದ ಮಿಸ್ತ್ರಿಗಳು ರೋಣದಲ್ಲೂ ಇದ್ದಾರೆ, ಗಜೇಂದ್ರಗಡದಲ್ಲೂ ಇದ್ದಾರೆ. ರಿಂಗ್ ಸೆಟ್, ಲೈನರ್, ಗ್ಯಾಸ್ಕೆಟ್, ವಾಟರ್ ಪಂಪು ಕೇಳಿದರೆ ಅಂಗಡಿಯವನು ಪುಸ್ತಕ ತೆಗೆಯಲ್ಲ, ಸೀದಾ ಕೈ ಮೇಲೆತ್ತಿ ಡಬ್ಬಿ ಇಳಿಸ್ತಾನೆ. ಪ್ಯೂಜೋ ಅಂದರೆ, "ಯಾವ ಮಾಡೆಲ್ರಿ? ಫೋಟೋ ಕಳಸ್ರಿ" ಅಂತಾನೆ. ಒಂದು ಕಾಲಕ್ಕೆ ಪ್ಯೂಜೋ ಕೂಡ ಹೀಗೇ ಎಲ್ಲಾ ಕಡೆ ಇತ್ತು, 2000ದಲ್ಲಿ ಬಂದ ಮೊದಲ ಬೊಲೆರೊದಲ್ಲೂ ಅದೇ ಎಂಜಿನ್. ಆದರೆ ಆಮೇಲೆ ಡಿಐ ಊರು ತುಂಬಿತು, ಪ್ಯೂಜೋ ಬಲ್ಲ ಮಿಸ್ತ್ರಿಗಳಿಗೆ ವಯಸ್ಸಾಯಿತು.

"ನೀ ಬರೂದು ವರ್ಷದಾಗ ಎರಡ ಸಲ. ನಿನಗ ಎಂಜಿನ್ ಅಂದ್ರ ಓಡಸೂದು. ನನಗ ಎಂಜಿನ್ ಅಂದ್ರ ರಾತ್ರಿ ಎಂಟಕ್ಕ ಬ್ಯಾಟರಿ ಬಾಯಾಗ ಹಿಡಕೊಂಡು ಪಾನಾ ತಿರುವೂದು" ಅಂದ. ಬ್ಯಾಟರಿ ಅಂದರೆ ಟಾರ್ಚು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ನೀವು ಡಿಐ ಅಂದರೆ ಚಿನ್ನ ಅಂದ್ಕೋಬೇಡಿ. ಅದರ ಕಷ್ಟಗಳನ್ನೂ ಹೇಳಿಬಿಡ್ತೀನಿ.

ಮೊದಲನೇದು ವೇಗ. ಹಳೇ ಸಿಜೆ-3ಬಿ ಪೆಟ್ರೋಲ್ ಜೀಪಿನ ಆಕ್ಸಲ್ ಅನುಪಾತ 5.38. ಅಂದರೆ ಗಾಲಿ ಒಂದು ಸುತ್ತು ಬರಬೇಕಾದರೆ ಪ್ರೊಪೆಲ್ಲರ್ ಶಾಫ್ಟು 5.38 ಸುತ್ತು ತಿರುಗಬೇಕು. ಜೀಪಿನ 16 ಇಂಚಿನ ಸಣ್ಣ ಟೈರು ಒಂದು ಸುತ್ತಿಗೆ ಸುಮಾರು 2.25 ಮೀಟರ್ ಸಾಗುತ್ತೆ ಅಂತ ಇಟ್ಕೊಳ್ಳಿ. ಟಾಪ್ ಗೇರಿನಲ್ಲಿ ಪ್ಯೂಜೋ 4500 ಸುತ್ತು ತಿರುಗಿದರೆ ಗಂಟೆಗೆ 113 ಕಿಲೋಮೀಟರ್ ಆಗುತ್ತೆ ಲೆಕ್ಕಕ್ಕೆ. ಅದೇ ಆಕ್ಸಲ್ಲಿಗೆ ಡಿಐ ಕೂರಿಸಿದರೆ 3200 ಸುತ್ತಿಗೆ 80ಕ್ಕೇ ನಿಂತಿತು. ಕಿವಿಗೆ ಸಹ್ಯ ಆಗೋ 2200 ಸುತ್ತಿನಲ್ಲಿ 55. ಸಾಮಾನ್ಯ ಎತ್ತಿನ ಗಾಡಿಗಿಂತ ಪರವಾಗಿಲ್ಲ ಅಷ್ಟೇ :-) ಹಾಗಾಗಿ ಡಿಐ ತಗೊಳ್ಳೋರು ಆಕ್ಸಲ್ ಅನುಪಾತ ನೋಡ್ಲೇಬೇಕು. ನೋಡೋದು ಸುಲಭ. ಗೇರು ನ್ಯೂಟ್ರಲ್ ಮಾಡಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿ ಮಾತ್ರ ಜಾಕಿನ ಮೇಲೆ ಎತ್ತಿ. ಶಾಫ್ಟಿಗೆ ಸುಣ್ಣದ ಗುರುತು ಹಾಕಿ. ಆ ಗಾಲಿ ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಶಾಫ್ಟು ಎಷ್ಟು ಸುತ್ತು ಬಂತೋ ಅದೇ ಅನುಪಾತ. ಎರಡು ಸುತ್ತು ಯಾಕೆ ಅಂದರೆ ಒಂದೇ ಗಾಲಿ ತಿರುಗುವಾಗ ಡಿಫರೆನ್ಷಿಯಲ್ ಅರ್ಧ ತಿರುವನ್ನು ನುಂಗುತ್ತೆ. ಗಜೇಂದ್ರಗಡದ ಜೀಪಿನದು ಐದಕ್ಕಿಂತ ಸ್ವಲ್ಪ ಕಡಿಮೆ ಬಂತು. 2200 ಸುತ್ತಿಗೆ ಸುಮಾರು 60 ಸಿಗುತ್ತೆ. ಊರಿಂದ ಗದಗಿಗೆ ಸಾಕು.

ಎರಡನೇದು ತೂಕ ಮತ್ತು ನಡುಕ. ಎಂಜಿನ್ ಭಾರ, ಅದರ ಡಬಡಬಕ್ಕೆ ಬೋಲ್ಟು ಸಡಿಲ ಆಗ್ತವೆ, ಎಂಜಿನ್ ಮೌಂಟಿಂಗ್ ರಬ್ಬರ್ ಬೇಗ ಹೋಗುತ್ತೆ, ಮುಂದಿನ ಪಾಟಾ ಕೂರುತ್ತೆ. ಆಗಾಗ ಪಾನಾ ಹಿಡಿದು ಒಂದು ಸುತ್ತು ಬಂದು ಎಲ್ಲಾ ಬೋಲ್ಟು ಬಿಗಿ ಮಾಡೋ ಅಭ್ಯಾಸ ಇಲ್ಲದವರು ಡಿಐ ಕಡೆ ನೋಡಬೇಡಿ.

ಮೂರನೇದು, ಮತ್ತು ಇದು ಮುಖ್ಯ. "ಪ್ಯೂಜೋ ಜೀಪ್ ತಗೊಂಡು ಅದಕ್ಕೆ ಡಿಐ ಎಂಜಿನ್ ಹಾಕಿಸಿದರಾಯ್ತು" ಅಂತ ಸಲಹೆ ಕೊಡೋರು ಬಹಳ. ಇದು ಸುಲಭದ ಮಾತಲ್ಲ. ಎಂಜಿನ್ ನಂಬರು ಆರ್‌ಸಿಯಲ್ಲಿ ಬರೆದಿರುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿದೆ. ಆರ್‌ಟಿಓ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಿಸಿದ ಗಾಡಿಗೆ ಅಪಘಾತವಾದರೆ ವಿಮೆಯವರ ಜೊತೆ ಏನೇನು ಆಗಬಹುದು ಯೋಚಿಸಿ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಮೊದಲು ನೋಡೋದೇ ನಂಬರು. ಅದರ ಶುಲ್ಕವೂ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು ಕಾರು ಜೀಪುಗಳಿಗೆ 5,000ಕ್ಕೆ ಏರಿತು. ಅಷ್ಟು ಕಟ್ಟಿ, ನಂಬರು ಹೊಂದದೆ ವಾಪಸ್ ಬರೋದು ಬೇಕಾ? ಅದಕ್ಕೇ ನಾನು ಹೇಳೋದು, ಎಂಜಿನ್ ಬದಲಿಸೋ ಯೋಚನೆ ಬಿಡಿ, ಎಂಜಿನ್ ನೋಡಿ ಗಾಡಿ ಆರಿಸಿ. ನಿಮ್ಮಲ್ಲಿ ಈಗಾಗಲೇ ಪ್ಯೂಜೋ ಜೀಪಿದ್ದರೆ ಅದನ್ನೇ ಚೆನ್ನಾಗಿ ಬೋರಿಂಗ್ ಮಾಡಿಸಿ ಇಟ್ಕೊಳ್ಳಿ. ಹುಬ್ಬಳ್ಳಿ, ಬೆಂಗಳೂರಿನ ಹತ್ರ ಇರೋರಿಗೆ, ಹೆದ್ದಾರಿ ಓಡಾಟ ಹೆಚ್ಚಿರೋರಿಗೆ, ಒಂದು ತಿಂಗಳು ಗಾಡಿ ನಿಂತರೂ ಸಂಸಾರ ನಿಲ್ಲದವರಿಗೆ ಪ್ಯೂಜೋ ಈಗಲೂ ಒಳ್ಳೆಯ ಆಯ್ಕೆ. ಇದು ನಾನು ಪಾರ್ಟಿ ಬಿಟ್ಟಿಲ್ಲ ಅನ್ನೋದಕ್ಕೆ ಸಾಕ್ಷಿ!

ಮೂರನೇ ಪಾರ್ಟಿಯವರೂ ಇದ್ದಾರೆ, ಬೆಂಜ್ ಪಾರ್ಟಿ. ಬಜಾಜ್ ಟೆಂಪೋದವರು ಡೈಮ್ಲರ್-ಬೆಂಜ್ ಪರವಾನಗಿಯಲ್ಲಿ ಮಾಡಿದ ಓಎಂ616, 2399 ಸಿಸಿ. ಟ್ರ್ಯಾಕ್ಸ್ ಗಾಡಿಗಳಲ್ಲಿ ಬಂದದ್ದು. ಒಳ್ಳೆ ಗಟ್ಟಿ ಎಂಜಿನ್. ಆದರೆ ನಮ್ಮ ಕಡೆ ಟ್ರ್ಯಾಕ್ಸ್ ಅಂದರೆ ಹಿಂದಿನ ಗಾಲಿ ಎಳೆಯೋದೇ ಹೆಚ್ಚು, ನಾಲ್ಕೂ ಗಾಲಿಯದು ಕಣ್ಣಿಗೆ ಬೀಳೋದು ಅಪರೂಪ. ಹಾಗಾಗಿ ನಮ್ಮ ಜಗಳದಲ್ಲಿ ಅದಕ್ಕೆ ಮತ ಬೀಳಲಿಲ್ಲ.

ಯಾವುದೇ ಪಾರ್ಟಿ ಆಗಲಿ, ಹಳೇ ಡೀಸೆಲ್ ಜೀಪು ನೋಡೋಕೆ ಹೋಗುವಾಗ ಇಷ್ಟು ಮಾಡಿ. ಬೆಳಗ್ಗೆ ಹೇಳದೆ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಿಮಗಿಂತ ಮೊದಲೇ ಎಬ್ಬಿಸಿ ಇಟ್ಟಿದ್ದಾರೆ ಅಂತ ಅರ್ಥ, ತಣ್ಣಗಿದ್ದಾಗ ಹೇಗೆ ಏಳುತ್ತೆ ಅನ್ನೋದೇ ಅರ್ಧ ಸತ್ಯ ಹೇಳುತ್ತೆ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಆಮೇಲೆ ಸ್ಟಾರ್ಟ್ ಮಾಡಿಸಿ ಗುಳ್ಳೆ ಬರ್ತಾ ಇದ್ಯಾ ನೋಡಿ. ಬಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಆಯಿಲ್ ಹಾಕೋ ಮುಚ್ಚಳ ತೆಗೆದರೆ ಹೊಗೆ ಫುಸ್ ಫುಸ್ ಅಂತ ಒತ್ತಿ ಬಂದರೆ ರಿಂಗ್, ಲೈನರ್ ಸವೆದಿವೆ. ಚೆನ್ನಾಗಿ ಬಿಸಿಯಾದ ಮೇಲೆ ನಿಂತಲ್ಲೇ ಆಯಿಲ್ ಒತ್ತಡ ನೋಡಿ. ನಾಲ್ಕು ಗಾಲಿಯ ಗೇರು, ಲೋ ಗೇರು ಎರಡೂ ಮಣ್ಣಿನ ಮೇಲೆ ಹಾಕಿ ನೋಡಿ, ಡಾಂಬರಿನ ಮೇಲಲ್ಲ. ಕೊನೆಗೆ ಎಂಜಿನ್ ನಂಬರು ಆರ್‌ಸಿ ಜೊತೆ ಹೋಲಿಸಿ. ಇದನ್ನು ಮೊದಲೇ ಮಾಡಿದರೂ ಸರಿ, ಉಳಿದ ಶ್ರಮ ಉಳೀಬಹುದು.

ಮನೆಯಲ್ಲಿ ಮಾಡ್ಕೊಳ್ಳೋದೂ ದೊಡ್ಡ ವಿದ್ಯೆ ಏನಲ್ಲ. ಡೀಸೆಲ್ ಫಿಲ್ಟರಿನ ಕೆಳಗೆ ಕೂತ ನೀರು ಬಿಡೋದು, ಲೈನಿನಲ್ಲಿ ಏರ್ ಹಿಡಿದರೆ ನಟ್ಟು ಸಡಿಲಿಸಿ ಕೈ ಪಂಪು ಒತ್ತಿ ಏರ್ ತೆಗೆಯೋದು, ಎರಿ ಧೂಳು ಕುಡಿದ ಏರ್ ಕ್ಲೀನರ್ ತೊಳೆಯೋದು, ಹೋಸ್ ಪೈಪು ಒತ್ತಿ ನೋಡೋದು (ಇದನ್ನು ನಾನೇ ಹೇಳ್ತಿದ್ದೀನಿ, ನಗಬೇಡಿ). ಮಾಡಬಾರದ್ದು ಒಂದೇ. ಡೀಸೆಲ್ ಪಂಪಿನ ಸೀಲ್ ಮಾಡಿದ ಸ್ಕ್ರೂಗೆ ಮನೆಯಲ್ಲಿ ಪಾನಾ ಹಾಕಬಾರದು. ಪಂಪು, ನಾಝಲ್ ಕೆಲಸಕ್ಕೆ ಯಂತ್ರ ಇಟ್ಟವರ ಹತ್ರವೇ ಹೋಗಬೇಕು, ಅದು ಯಾವ ಎಂಜಿನ್ ಆದರೂ.

ಈಗ ನನ್ನ ಮಾತಿಗೆ ಬರ್ತೀನಿ. ಹಳೇ ಎಂಜಿನ್ ಬಗ್ಗೆ ನಾವು ಪಟ್ಟಣದಲ್ಲಿ ಕೂತು ಮಾತಾಡೋದೆಲ್ಲ ಬಲದ ಬಗ್ಗೆ, ನಯದ ಬಗ್ಗೆ, ಸದ್ದಿನ ಬಗ್ಗೆ. ಇವೆಲ್ಲ ಎಂಜಿನ್ ಓಡ್ತಾ ಇರುವಾಗಿನ ಮಾತು. ಹಳೇ ಗಾಡಿಯ ಆಯ್ಕೆ ಮಾಡಬೇಕಾದ್ದು ಅದು ಓಡದೇ ನಿಂತ ದಿನದ ಲೆಕ್ಕದಲ್ಲಿ. ಆ ದಿನ ಅದನ್ನು ಯಾರು ಬಿಚ್ಚುತ್ತಾರೆ, ಸಾಮಾನು ಎಷ್ಟು ದೂರದಿಂದ ಬರಬೇಕು, ಬರೋ ತನಕ ಮನೆಯಲ್ಲಿ ಏನು ನಿಲ್ಲುತ್ತೆ? ಈ ಪ್ರಶ್ನೆಗಳಿಗೆ ಉತ್ತರ ಎಂಜಿನ್ನಿನ ಪುಸ್ತಕದಲ್ಲಿ ಇರಲ್ಲ, ಊರಲ್ಲಿ ಇರುತ್ತೆ. ಅಸೂಟಿಯಲ್ಲಿ ಆ ಉತ್ತರ ಡಿಐ. ನಿಮ್ಮೂರಲ್ಲಿ ಬೇರೆ ಇರಬಹುದು.

ಮತ್ತೆ ಇನ್ನೊಂದು. ದುಡ್ಡು ಕೊಡೋನು ನಾನು ಅಂತ ಆರಿಸೋ ಹಕ್ಕು ನಂದು ಅಂದ್ಕೊಂಡಿದ್ದೆ. ಅಲ್ಲ ಅದು. ಕೈ ಕಪ್ಪಾಗೋದು ಯಾರದೋ, ಆರಿಸೋ ಹಕ್ಕೂ ಅವನದೇ. ಇದು ಜೀಪಿಗೆ ಮಾತ್ರ ಅಲ್ಲ, ಊರಿಗೆ ಬೋರ್ ಮೋಟಾರು ಕಳಿಸೋರಿಗೆ, ಅವ್ವನಿಗೆ ಅಡುಗೆ ಮನೆ ಮಷೀನು ಕೊಡಿಸೋರಿಗೆ, ನಮ್ಮಂಥ ವರ್ಷಕ್ಕೆರಡು ಸಲದ ನೆಂಟರಿಗೆಲ್ಲ ಸೇರಿದ ಮಾತು ಅನ್ಸುತ್ತೆ ನಂಗೆ.

ಐದನೇ ದಿನ ನಾನು ಬೆಂಗಳೂರು ಬಸ್ ಹತ್ತಬೇಕಿತ್ತು. ಹಿಂದಿನ ದಿನವೇ ತಮ್ಮ ಗಜೇಂದ್ರಗಡಕ್ಕೆ ಹೋಗಿ ಡಿಐ ಜೀಪು ತಂದಿದ್ದ. ಹಸಿರು ಬಣ್ಣ, ಅಲ್ಲಲ್ಲಿ ತೇಪೆ. ನನ್ನನ್ನು ಬಸ್ಸಿಗೆ ಬಿಡೋಕೆ ರೋಣದ ತನಕ ಅದರಲ್ಲೇ ಬಂದರು. ಅವ್ವ ಮುಂದೆ ಕೂತಿದ್ದಳು. ಹತ್ತೋಕೆ ತಮ್ಮ ಒಂದು ಕಬ್ಬಿಣದ ಮೆಟ್ಟಿಲು ವೆಲ್ಡಿಂಗ್ ಮಾಡಿಸಿದ್ದ ಆಗಲೇ. ದಾರಿಯುದ್ದಕ್ಕೂ ಅವಳು ಏನೋ ಹೇಳ್ತಾ ಇದ್ದಳು, ಡಬಡಬ ಸದ್ದಿಗೆ ನನಗೊಂದೂ ಕೇಳಿಸಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎಂಜಿನ್ ಬಂದ್ ಆದ ಮೇಲೆ ಕೇಳಿದೆ, "ಏನಂದಿ ಅವ್ವಾ?"

"ಪೈಪ್ ಹೊಸಾದು ಹಾಕ್ಸ್ಯಾನ, ನೋಡಿದೇನು ಅಂದೆ" ಅಂದಳು.

ನೋಡಿದ್ದೆ :-)

ನಿಮ್ಮ ಮನೆಯಲ್ಲೂ ಇಂಥದ್ದೊಂದು ಹಳೇ ಡೀಸೆಲ್ ಅಜ್ಜ ಇದ್ದಾನಾ? ಅವನನ್ನು ಯಾರು ನೋಡ್ಕೊಳ್ತಾರೆ?